ಅರ್ಧ ಬಾಡಿಗೆಯ ಕಾರು

ಕೊರ್ಲಹಳ್ಳಿ, ಹೊಳೆದಂಡೆ

ಅಕ್ಕಾ,

ನಿನ್ನ ತಮ್ಮ ಈಗ ಅಪರಾಧಿ. ಬಾಡಿಗೆ ಕಾರಿನಲ್ಲಿ ಕುರಿಮರಿ ಸಾಗಿಸಿದ್ದೇನೆ, ಅದೂ ನನ್ನ ತೊಡೆಯ ಮೇಲೆ. ಈ ಕಡೆ ಊರೂರು ತಿರುಗಲು ಬೆಟಗೇರಿಯ ಮಾಳವ್ವ ಅರ್ಧ ಬಾಡಿಗೆಗೆ ತಿಂಗಳ ಮಟ್ಟಿಗೆ ಕಾರು ಕೊಟ್ಟರು, ಓಡಿಸಲು ಮಗ ಕನಕರಾಜನನ್ನೂ ಕೊಟ್ಟರು. ಷರತ್ತು ಒಂದೇ: "ದಾರ್ಯಾಗ ನಮ್ಮ ಬೀಗರು ಸಿಕ್ಕರ ಹತ್ತಿಸ್ಕೋರಿ." ಅಂತೂರ ಬೆಂತೂರ ತಲುಪುವಷ್ಟರಲ್ಲಿ ಗೊತ್ತಾಯಿತು, ಈ ಸೀಮೆಯಲ್ಲಿ ಅವರ ಬೀಗನಲ್ಲದವನು ನಾನೊಬ್ಬನೇ. ಕಾರು ನನ್ನದು, ಕಾರುಬಾರು ಬೀಗರದು. "ಯಪ್ಪಾ, ಜರಾ ಸರೀರಿ, ಈ ಮರಿ ಹಿಡ್ಕೋರಿ" ಎಂದಳು ಒಬ್ಬ ಅಜ್ಜಿ, ಹಿಡಿದುಕೊಂಡೆ. ಸೊಂಟವೊಂದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ.

"ಸುಮ್ಮನೆ ಬಸ್ಸಿಗೆ ಹೋಗು" ಎಂದಿದ್ದ ಭಾವನಿಗೆ, ಅರ್ಧ ದುಡ್ಡು ಉಳಿಸಿದೆ ಎಂದು ಜೋರಾಗಿ ಹೇಳು. ಇಂದು ಬೆಳಿಗ್ಗೆ ತುಂಬಿದ ಕಾರಿನಿಂದ ಕನಕರಾಜ, "ಸಾಹೇಬ್ರ, ನೀವು ಬಸ್ಸಿಗೆ ಬರ್ರಿ, ಆರಾಮ ಆಕ್ಕೈತಿ" ಎಂದದ್ದನ್ನೂ, ನಾನು ಬಸ್ಸಿಗೇ ಬಂದದ್ದನ್ನೂ ಮಾತ್ರ ಹೇಳಬೇಡ.

ನಿನ್ನ ತಮ್ಮ