ಮುಚ್ಚಳ ತೆಗೆದಾಗ ಬಿಟ್ಟ ಉಸಿರು

೧೪ ಮಾರ್ಚ್, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕ್ಷಮಿಸು. ಫೋನ್ ಮಾಡಬಹುದಿತ್ತು ನಿಜ, ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ, ನಿದ್ದೆ ಬಂತಾ" ದಾಟಿ ಮುಂದೆ ಹೋಗುವವರಲ್ಲ. ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮಪ್ಪನ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ, ಟಿವಿ ರಿಮೋಟ್ ಬೇರೆಯವರ ಕೈಯಲ್ಲಿ ಕಂಡರೆ ಓಡಿ ಬರುತ್ತದೆ.

"ಅಮ್ಮಾ, ನಿನ್ನನ್ನ ಸ್ಟೋರ್ ರೂಮಿಗೆ ಹಾಕಿದಾರಂತೆ, ಅಪ್ಪ ಹೇಳಿದ್ರು. ಇನ್ನೆರಡು ವರ್ಷ ಸರ್ವಿಸ್ ಇದೆ. ಪ್ರೊಫೆಸರ್ ಹತ್ರ ಒಂದು ಕ್ಷಮೆ ಕೇಳಿ ಮುಗಿಸಬಾರದಾ?" ಎಂದು ಬರೆದಿದ್ದೀಯ. ಆ ಮಾತೇ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ನನ್ನ ಕೆಲಸ ಏನೆಂದು ನಿನಗೆ ಚೂರುಪಾರು ಗೊತ್ತು. ಪ್ರಯೋಗದ ಇಲಿಯ ಯಕೃತ್ತಿನಿಂದ ಸಾಸಿವೆಯಷ್ಟು ತುಣುಕು ಬರುತ್ತದೆ. ಅದನ್ನು ಅಂಟಿನಂಥ ದ್ರವದಲ್ಲಿ ಹಾಕಿ ಗಟ್ಟಿ ಮಾಡಿ ಬ್ಲಾಕ್ ಮಾಡುತ್ತೇವೆ. ಆ ಬ್ಲಾಕನ್ನು ವಜ್ರದ ಅಲಗಿನಿಂದ ಕತ್ತರಿಸುತ್ತೇನೆ. ಪದರ ಎಷ್ಟು ತೆಳುವೆಂದರೆ ಅಲಗಿನ ಹಿಂದಿನ ನೀರಿನ ಮೇಲೆ ಬೆಳ್ಳಿಯ ಬಣ್ಣದಲ್ಲಿ ತೇಲುತ್ತದೆ. ಚಿನ್ನದ ಬಣ್ಣ ಬಂದರೆ ದಪ್ಪವಾಯಿತು ಎಂದು ಅರ್ಥ. ಆ ಪದರಗಳನ್ನು ನೀರಿನಲ್ಲಿ ಆಚೀಚೆ ಸರಿಸಲು ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು ಬೇಕು. ನನ್ನ ಕಡ್ಡಿಯಲ್ಲಿರುವುದು ನಿನ್ನದೇ. ಆರನೇ ಕ್ಲಾಸಿನಲ್ಲಿದ್ದಾಗ ನಿನ್ನ ಕೆನ್ನೆಯ ಮೇಲೆ ಬಿದ್ದಿದ್ದನ್ನು ಎತ್ತಿಕೊಂಡು ಹೋಗಿದ್ದೆ, ನೀನು "ಥೂ ಅಮ್ಮಾ" ಅಂದಿದ್ದೆ. ಆಮೇಲೆ ಪದರವನ್ನು ಗ್ರಿಡ್ ಎನ್ನುವ ತಾಮ್ರದ ಪುಟ್ಟ ಜಾಲರಿಯ ಮೇಲೆ ಹಿಡಿದು, ಕಡೆಗೆ ಬಣ್ಣ ಹಿಡಿಯಲು ಸೀಸದ ದ್ರಾವಣದ ಹನಿಯ ಮೇಲೆ ಕವುಚಿ ಇಡಬೇಕು. ಆಗಲೇ ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಒಳಗೆಲ್ಲ ಸ್ಪಷ್ಟವಾಗಿ ಕಾಣುವುದು.

ಆ ಸೀಸದ ಹನಿಗೆ ಮನುಷ್ಯರ ಉಸಿರು ಆಗಿಬರುವುದಿಲ್ಲ. ಉಸಿರು ತಗುಲಿದರೆ ಕಪ್ಪು ಹರಳು ಕಟ್ಟಿ ಪದರದ ಮೇಲೆಲ್ಲ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಅದಕ್ಕೇ ಹನಿಯಿರುವ ತಟ್ಟೆಗೆ ಮುಚ್ಚಳ ಹಾಕಿರುತ್ತೇವೆ, ತೆಗೆಯುವಾಗ ಉಸಿರು ಬಿಗಿಹಿಡಿಯುತ್ತೇವೆ. ಇಪ್ಪತ್ತಾರು ವರ್ಷ ಹಿಡಿದಿದ್ದೇನೆ. ಕಳೆದ ಸೆಪ್ಟೆಂಬರಿನ ಒಂದು ಮಂಗಳವಾರ ಹಿಡಿಯಲಿಲ್ಲ. ಮುಚ್ಚಳ ತೆಗೆದವಳೇ ಹನಿಯ ಮೇಲೆ ಉಸಿರು ಬಿಟ್ಟೆ. ಗ್ರಿಡ್‌ಗಳನ್ನು ಡಬ್ಬಿಯ ಗೂಡುಗಳಲ್ಲಿಟ್ಟು ತಕ್ಷಣ ನೋಟ್‌ಬುಕ್ಕಿನಲ್ಲಿ ಬರೆದೆ: "ಗೂಡು ಮೂರು ಮತ್ತು ನಾಲ್ಕು, ಬಣ್ಣ ಹಾಕುವಾಗ ಉಸಿರು ಬಿಟ್ಟೆ, ನೋಡಬೇಡಿ." ಹೊಸದನ್ನು ಮಾಡಿ ಪಕ್ಕದ ಗೂಡುಗಳಲ್ಲಿಟ್ಟೆ.

ನಮ್ಮಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಇದ್ದಾಳೆ. ನಾನಿಟ್ಟ ಹೆಸರು ಅವಸರದಮ್ಮ. ಒಳ್ಳೆಯ ಹುಡುಗಿ, ಆದರೆ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಬೀದಿ ಕೊನೆಯಲ್ಲಿರುತ್ತಾಳೆ. ಪ್ರೊಫೆಸರು ಮತ್ತು ಅವಳು ಔಷಧವನ್ನು ಸಣ್ಣ ಲೋಹದ ಕಣಗಳ ಮೇಲೆ ಹೊರಿಸಿ ಇಲಿಗೆ ಕೊಟ್ಟಿದ್ದರು. ಕಣಗಳು ಯಕೃತ್ತಿನ ಜೀವಕೋಶದೊಳಗೆ ಹೋದವೋ ಇಲ್ಲವೋ ಎನ್ನುವುದೇ ಪ್ರಶ್ನೆ. ಹೋಗಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣಬೇಕು. ಅವಸರದಮ್ಮ ನನ್ನ ನೋಟ್‌ಬುಕ್ ತೆರೆಯದೆ ಮೂರನೇ ಗೂಡಿನ ಗ್ರಿಡ್ಡನ್ನೇ ಎತ್ತಿ ನೋಡಿದ್ದಾಳೆ. ಚುಕ್ಕೆಯೋ ಚುಕ್ಕೆ! ನಾಲ್ಕನೆಯದು ಔಷಧ ಕೊಡದ ಇಲಿಯದು, ಅದರಲ್ಲೂ ಚುಕ್ಕೆ. "ಇದು ಹಾಳಾಗಿದೆ" ಅಂತ ಅದನ್ನೊಂದು ಪಕ್ಕಕ್ಕಿಟ್ಟು, ಅದೇ ಇಲಿಯಿಂದ ನಾನು ಹೊಸದಾಗಿ ಮಾಡಿದ್ದನ್ನು ನೋಡಿದಳಂತೆ. ಅದು ಸ್ವಚ್ಛವಾಗಿತ್ತು. ಔಷಧ ಕೊಟ್ಟಲ್ಲಿ ಚುಕ್ಕೆ, ಕೊಡದ ಕಡೆ ಇಲ್ಲ. ಇನ್ನೇನು ಬೇಕು?

ಜನವರಿಯಲ್ಲಿ ಆ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಕಾರಿಡಾರಿನಲ್ಲಿ ತೂಗುಹಾಕಿದರು. ಟೀ ಲೋಟ ಹಿಡಿದು ಹೋಗುತ್ತಿದ್ದವಳು ನಿಂತುಬಿಟ್ಟೆ. ಕಣಗಳಾದರೆ ಗುಂಡಗೆ ಒಂದೇ ಅಳತೆಯಲ್ಲಿರುತ್ತವೆ, ಇವು ಅಡ್ಡಾದಿಡ್ಡಿ. ಕೋಶವೇ ಇಲ್ಲದ ಖಾಲಿ ಮೂಲೆಯಲ್ಲೂ ಬಿದ್ದಿವೆ. "ಇದು ಯಾವ ಗೂಡಿಂದು ಕಣೇ?" ಎಂದು ಅವಸರದಮ್ಮನನ್ನು ಕೇಳಿದೆ. "ಮೂರು, ಆಂಟಿ" ಅಂದಳು. ನನ್ನ ಉಸಿರಿಗೆ ಚೌಕಟ್ಟು ಹಾಕಿ ಗೋಡೆಗೆ ಹೊಡೆದಿದ್ದರು.

ಅದೇ ಬ್ಲಾಕಿನಿಂದ ಮತ್ತೆ ಹತ್ತು ಪದರ ಕತ್ತರಿಸಿದೆ. ಹತ್ತರಲ್ಲೂ ಒಂದು ಚುಕ್ಕೆ ಇಲ್ಲ. ನೋಟ್‌ಬುಕ್ ಹಿಡಿದುಕೊಂಡು ಪ್ರೊಫೆಸರ ಕೋಣೆಗೆ ಹೋದೆ. ಕೆಟ್ಟ ಮನುಷ್ಯರಲ್ಲ, ನಿನ್ನ ಮದುವೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡವರು. ಬಾಗಿಲು ಹಾಕಿ, ಮೆತ್ತಗೆ ಹೇಳಿದರು: "ನೋಡಿ, ಲೇಖನ ಅಚ್ಚಾಗಿದೆ. ಮುಂದಿನ ವರ್ಷ ರೋಗಿಗಳಿಗೆ ಕೊಟ್ಟು ನೋಡೋ ಹಂತಕ್ಕೆ ಬಂದಿದೆ. ಆ ಒಂದು ಪುಟ ಬೇರೆ ಬರೆದುಬಿಡಿ. ಆ ಒಂದು ಸಾಲು ಇಲ್ಲದೆ."

"ಆ ಸಾಲು ಇರೋದೇ ನೀವು ಓದಲಿ ಅಂತ ಸರ್" ಅಂದೆ.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ ಎಂದಿನಂತೆ "ನಿನಗ್ಯಾಕೆ ಊರ ಉಸಾಬರಿ" ಅಂದರು. ಊರಿನದಲ್ಲ, ನನ್ನದೇ ಉಸಾಬರಿ. ನನ್ನ ಬಾಯಿಂದ ಹೊರಬಿದ್ದದ್ದನ್ನು ನಂಬಿ ನಾಳೆ ಯಾರದೋ ತೋಳಿಗೆ ಸೂಜಿ ಚುಚ್ಚುತ್ತಾರೆ. ಆ ರೋಗಿ ಬೇರೆ ಔಷಧ ಬಿಟ್ಟು ಇದನ್ನು ನಂಬಿ ಕೂತಿರುತ್ತಾನೆ. ನಾನು ಸ್ಟೂಲಿನ ಮೇಲೆ ಕೈಕಟ್ಟಿ ಕೂರಲೇ?

ಫೆಬ್ರವರಿಯಲ್ಲಿ ಈ ಕೆಲಸವನ್ನು ವಿವರಿಸಿದ ಸಭೆಗೆ ಹೊರಗಿನವರೂ ಬಂದಿದ್ದರು. ಪ್ರಶ್ನೆ ಇದೆಯಾ ಎಂದಾಗ ಕೊನೆಯ ಸಾಲಿನಲ್ಲಿ ಎದ್ದು ನಿಂತೆ. ನೋಟ್‌ಬುಕ್ಕಿನ ಆ ಸಾಲನ್ನು ಓದಿದೆ, ಹತ್ತು ಪದರದ ಕಥೆ ಹೇಳಿದೆ. ಪ್ರೊಫೆಸರ ಮುಖ ಕೆಂಪಾಯಿತು. "ನೀವು ಟೆಕ್ನಿಷಿಯನ್, ವಿಜ್ಞಾನಿ ಅಲ್ಲ" ಅಂದರು.

"ಹೌದು ಸರ್, ಅಲ್ಲ. ಆದರೆ ಆ ಉಸಿರು ಯಾರದು ಅಂತ ನನಗೆ ಗೊತ್ತು" ಅಂದೆ. ಯಾರೋ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಮರುದಿನವೇ ವಜ್ರದ ಅಲಗನ್ನು ನನ್ನಿಂದ ತೆಗೆದುಕೊಂಡು ಸ್ಟೋರ್ ರೂಮಿನ ಬೀಗದ ಕೈ ಕೊಟ್ಟರು. ಬಾಟಲಿಗಳ ಮೇಲಿನ ಧೂಳು ಒರೆಸುತ್ತೇನೆ, ಯಾವುದರ ಅವಧಿ ಮುಗಿದಿದೆ ನೋಡುತ್ತೇನೆ. ಒಂದು ಲಾಭವೂ ಇದೆ, ಇಲ್ಲಿ ಎಷ್ಟು ಬೇಕಾದರೂ ಉಸಿರಾಡಬಹುದು! ಅವಸರದಮ್ಮ ಒಂದು ದಿನ ಬಂದು ಬಾಗಿಲಲ್ಲೇ ನಿಂತು ಅತ್ತಳು. "ನಂದೇ ತಪ್ಪು ಆಂಟಿ" ಅಂದಳು. "ಅಳೋದು ಆಮೇಲೆ, ಮೊದಲು ಇದನ್ನ ಸಮಿತಿ ಮುಂದೆ ಹೇಳು" ಎಂದು ಕಳಿಸಿದೆ. ಹೇಳುತ್ತಾಳೋ ಇಲ್ಲವೋ ಗೊತ್ತಿಲ್ಲ.

ಸಮಿತಿ ಅಂದರೆ, ಇದನ್ನು ವಿಚಾರಿಸಲು ಮೂವರನ್ನು ನೇಮಿಸಿದ್ದಾರೆ. ಪ್ರೊಫೆಸರ ವಾದ ಇಷ್ಟೇ: "ಇಪ್ಪತ್ತಾರು ವರ್ಷ ಉಸಿರು ಹಿಡಿದವರು ಆ ಒಂದು ದಿನ ಯಾಕೆ ಬಿಟ್ಟರು? ಆ ಸಾಲನ್ನ ಆಮೇಲೆ ಸೇರಿಸಿದಾರೆ." ಸಮಿತಿ ಒಂದು ಅರ್ಜಿ ಫಾರಂ ಕೊಟ್ಟಿದೆ, ಅದರಲ್ಲಿ "ತಪ್ಪಿಗೆ ಕಾರಣ" ಎಂಬ ಜಾಗವಿದೆ. ಅದನ್ನು ತುಂಬದಿದ್ದರೆ ನನ್ನ ಮಾತು ನಿಲ್ಲುವುದಿಲ್ಲವಂತೆ. ದಾಖಲೆ ತಿದ್ದಿದವಳೆಂದು ಮನೆಗೂ ಕಳಿಸಬಹುದು. ನಾನು ಆ ಜಾಗ ಖಾಲಿ ಬಿಟ್ಟು ಕೊಟ್ಟು ಬಂದೆ. ಕೆಳಗೆ ಬರೆದೆ: "ಕಾರಣ ನನ್ನ ಸ್ವಂತದ್ದು. ಬ್ಲಾಕ್ ಕಪಾಟಿನಲ್ಲಿದೆ. ಬೇರೆ ಲ್ಯಾಬಿನವರನ್ನು ಕರೆಸಿ ಕತ್ತರಿಸಿ ನೋಡಿ." ಮನೆಗೆ ಕಳಿಸಿದರೆ ಕಳಿಸಲಿ. ತಲೆ ಎತ್ತಿಕೊಂಡೇ ಬರುತ್ತೇನೆ, ನಿಮ್ಮಪ್ಪನ ರಿಮೋಟ್ ಕಿತ್ತುಕೊಂಡು ಕೂರುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ತೆಳ್ಳಗಾಗಿದ್ದೀಯ ಎಂದು ಅಳಿಯಂದಿರು ಹೇಳುತ್ತಿದ್ದರು. ಅವರಿಗೂ ನನ್ನ ಆಶೀರ್ವಾದ ತಿಳಿಸು. ನಿಮ್ಮಿಬ್ಬರ ಮನೆ ತಂಪಾಗಿರಲಿ, ಮನಸ್ಸು ಗಟ್ಟಿಯಾಗಿರಲಿ.

ನಿನ್ನ,
ಅಮ್ಮ

ವಿ.ಸೂ: ಕಾಗದವನ್ನು ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ಅವರಿಗೆ ಹೇಳದ ಕಾರಣವನ್ನು ನಿನಗೆ ಹೇಳಲೇಬೇಕು. ಆ ಮಂಗಳವಾರ ಗ್ರಿಡ್‌ಗಳನ್ನು ಹನಿಯ ಮೇಲಿಟ್ಟು, ಟೈಮರಿಗೆ ಏಳು ನಿಮಿಷ ಕೊಟ್ಟು ಕಾರಿಡಾರಿಗೆ ಬಂದಾಗ ನಿನ್ನ ಫೋನ್ ಬಂತು. "ಅಮ್ಮಾ, ಮಗು ಉಳೀಲಿಲ್ಲ. ನೀನು ಬರಬೇಡ. ಯಾರೂ ಬರೋದು ಬೇಡ ನಂಗೆ" ಅಂತ ನೀನು ಹೇಳಿದೆ. ನಿನಗೆ ಐದು ತಿಂಗಳು ತುಂಬಿತ್ತು. ನಾನು "ಆಯ್ತು ಮರಿ" ಅಂದೆ. ಅಷ್ಟರಲ್ಲಿ ಟೈಮರ್ ಹೊಡೆದುಕೊಂಡಿತು, ಒಳಗೆ ಹೋಗಿ ಮುಚ್ಚಳ ತೆಗೆದೆ. ಅದು ನಿನ್ನ ಸಂಕಟ, ಅವರ ಅರ್ಜಿಯಲ್ಲಿ ತುಂಬುವುದಕ್ಕಲ್ಲ. ನನ್ನ ಕೆಲಸ ಹೋದರೂ ಅದನ್ನು ಅಲ್ಲಿ ಬರೆಯುವುದಿಲ್ಲ.

ಆದರೆ ಗುಬ್ಬೀ, ಆರು ತಿಂಗಳಿಂದ ನನ್ನನ್ನು ಕೊರೆಯುತ್ತಿರುವುದು ಆ ಚುಕ್ಕೆಗಳಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವಳು ಅವತ್ತೊಂದು ದಿನ ನಿನ್ನ ಮಾತು ಕೇಳಿಬಿಟ್ಟೆ. ಬರಬೇಡ ಅಂದೆ ನೀನು, ನಾನು ಬರಲಿಲ್ಲ. ಶುಕ್ರವಾರ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನೀನು ಬೇಡ ಅಂದರೂ ಬರುತ್ತೇನೆ.