ಪೈಕ್ ಕ್ರೀಕ್‌ನ ಡೆಲ್ಬರ್ಟ್

ವೆಲ್ಬಾರ್ನ್, ಇಂಡಿಯಾನಾ
ಏಪ್ರಿಲ್ 5, 1991, ಶುಕ್ರವಾರ

ಪ್ರೀತಿಯ ತಂಗಿ ವಿಲ್ಡಾ,

ನೀನೂ ನಿನ್ನ ಮೊಣಕಾಲೂ ಅರಿಜೋನಾದ ಬಿಸಿಲಿನಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೂ ನಾನು ಉತ್ತರ ಬರೆದಿಲ್ಲ. ನಿನ್ನ ಹುಟ್ಟುಹಬ್ಬಕ್ಕೆಂದು ಕೊಂಡ ಕಾರ್ಡು ಇನ್ನೂ ಫ್ರಿಜ್ಜಿನ ಮೇಲೆಯೇ ಕೂತಿದೆ. ಅಕ್ಕನಿಗೆ ಸೊಕ್ಕು ಬಂದಿದೆ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಜನವರಿಯಿಂದ ಈ ಊರಿನಲ್ಲಿ ಯಾರ ತಲೆಯೂ ನೆಟ್ಟಗಿಲ್ಲ, ನನ್ನದೂ ಸೇರಿ.

ನಮ್ಮ ಕಾಲೇಜು ತಂಡದ ಮುದುಕ ಕೋಚ್ ಹ್ಯಾಡ್ಲಿ ಆಟದ ಮಧ್ಯೆ ಎದೆ ಹಿಡಿದುಕೊಂಡು ಕುಸಿದದ್ದು ನಿನಗೆ ಗೊತ್ತು. ಜೀವ ಉಳಿಯಿತು, ಆದರೆ ಇನ್ನು ಬ್ಯಾಸ್ಕೆಟ್‌ಬಾಲ್ ಸಹವಾಸ ಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ವರ್ಷಗಟ್ಟಲೆ ಅವರ ಕೈಕೆಳಗೆ ದುಡಿದ ನಮ್ಮ ರಾಯ್ಸ್‌ನನ್ನು ಕಾಲೇಜಿನವರು ಹಂಗಾಮಿ ಕೋಚ್ ಮಾಡಿದರು. ಖಾಯಂ ಕೋಚ್‌ಗಾಗಿ ಹುಡುಕುತ್ತೇವೆ, ರಾಯ್ಸ್‌ನನ್ನೂ ಪರಿಗಣಿಸುತ್ತೇವೆ ಎಂದರು. ಆ ಕೆಲಸ ನನ್ನ ಮಗನದೇ ಎಂದು ನಾನು ನಂಬಿಬಿಟ್ಟೆ. ಹೆತ್ತವಳಲ್ಲವೇ.

ಊರು ನಂಬಲಿಲ್ಲ. ಅವರಿಗೆ ದೊಡ್ಡ ಹೆಸರು ಬೇಕಿತ್ತು. ಮಾರ್ಚ್ ತಿಂಗಳಿಡೀ ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ಒಂದು ದಿನ ಮೂಲೆಯ ಹೋಟೆಲಿನಲ್ಲಿ ಒಬ್ಬ ಎತ್ತರದ ಮನುಷ್ಯ ಒಂಟಿಯಾಗಿ ಕೂತು ತಿನ್ನುತ್ತಿದ್ದನಂತೆ. ಇವನೇ ಒಹಾಯೋದ ಆ ಪ್ರಸಿದ್ಧ ಕೋಚ್, ಗುಟ್ಟಾಗಿ ಬಂದಿದ್ದಾನೆ ಎಂದು ಯಾರೋ ಪಿಸುಗುಟ್ಟಿದರು. ಜನ ಮುತ್ತಿಕೊಂಡು ಅವನ ಬಿಲ್ ಕೊಟ್ಟರು, ಕೈ ಕುಲುಕಿದರು, ಒಬ್ಬ ಅಂಗಿಯ ಮೇಲೆ ಸಹಿ ಹಾಕಿಸಿಕೊಂಡ. ಆಮೇಲೆ ನೋಡಿದರೆ ಅವನು ಗೊಬ್ಬರದ ಕಂಪನಿಯ ಏಜೆಂಟ್. ಈ ಕತೆಗೆ ನಾನೂ ನಕ್ಕೆ. ಆ ವಾರವೇ ರಾಯ್ಸ್‌ನ ಮನೆಯ ಅಂಗಳದಲ್ಲಿ ಯಾರೋ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟು ಹೋದರು. ಮೊಮ್ಮಗಳು ಶಾಲೆಯಿಂದ ಬಂದು, "ಅಪ್ಪ, ನಾವು ಊರು ಬಿಡ್ತೀವಾ?" ಎಂದು ಕೇಳಿದಳಂತೆ. ಅಂದಿನಿಂದ ನನಗೆ ನಗು ಬಂದಿಲ್ಲ.

ನಿನ್ನ ಭಾವನ ವಿಷಯ ನಿನಗೆ ಹೇಳಬೇಕೇ? ಮದುವೆಯ ದಿನ ಗಾರ್ಲಂಡ್ ಎಲ್ಲಿ ಎಂದು ಹುಡುಕಿದರೆ, ಪಾದ್ರಿಗಳ ಕೋಣೆಯಲ್ಲಿ ಆಟದ ವರದಿ ಕೇಳುತ್ತ ರೇಡಿಯೋಗೆ ಕಿವಿ ಅಂಟಿಸಿ ಕೂತಿದ್ದರಲ್ಲ, ಅದೇ ಮನುಷ್ಯ. ಒಂದು ಭಾನುವಾರ ಊಟಕ್ಕೆ ಕೂತಾಗ, "ಕಾಲೇಜಿನೋರಿಗೆ ಕಣ್ಣಿದ್ರೆ ರಾಯ್ಸ್‌ಗೇ ಕೊಡ್ತಾರೆ" ಎಂದೆ. ಅವರು ನೂಡಲ್ಸ್ ಬಡಿಸಿಕೊಳ್ಳುತ್ತ, "ಗೆಲ್ಲಿಸೋನಿಗೆ ಕೊಡ್ಬೇಕು, ನೋರೀನ್. ಮಿಕ್ಕಿದ್ದೆಲ್ಲ ಸುಮ್ನೆ" ಎಂದರು. ರಾಯ್ಸ್ ಎದುರಿಗೇ ಕೂತಿದ್ದ. ಉಪ್ಪಿನ ಡಬ್ಬಿ ಇತ್ತ ಕೊಡಿ ಎಂದ.

ಎಲ್ಲ ಕೆಟ್ಟದ್ದು ರೇಡಿಯೋದಿಂದ. ಮಂಗಳವಾರ ಸಂಜೆ ಅಭಿಮಾನಿಗಳು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮವಿದೆ. ಯಾವುದಾದರೂ ಒಂದು ಹೆಸರು, ಊರು ಹೇಳಿದರೆ ಸಾಕು, ಬಾಯಿಗೆ ಬಂದದ್ದನ್ನು ಒದರಬಹುದು. ನಾನು ಅದನ್ನು ಕೇಳಿರಲಿಲ್ಲ. ಮರುದಿನ ನನ್ನ ಕೂದಲು ಕತ್ತರಿಸುತ್ತ ಡೋರಿಸ್ ಹೇಳಿದಳು: "ಪೈಕ್ ಕ್ರೀಕ್‌ನ ಡೆಲ್ಬರ್ಟ್ ಅಂತೆ, ನಿಮ್ಮ ಹುಡುಗನ ಮಾನ ತೆಗೆದುಬಿಟ್ಟ ಕಣ್ರೀ. 'ರಾಯ್ಸ್ ಮೆದು. ಎಂಟನೇ ಕ್ಲಾಸಲ್ಲಿ ಕೌಂಟಿ ಫೈನಲ್ ಆಡ್ತಿದ್ದ, ಒಂದೇ ಪಾಯಿಂಟ್ ಹಿಂದೆ. ಚೆಂಡು ಅವನ ಕೈಲಿ, ಎದುರಿಗೆ ಒಬ್ಬನೂ ಇಲ್ಲ. ಎಸೆಯೋದು ಬಿಟ್ಟು ಲೆಸ್ಟರ್ ಅನ್ನೋ ಹುಡುಗನಿಗೆ ಪಾಸ್ ಕೊಟ್ಟ. ಯಾಕೆ? ಆ ವಾರ ಲೆಸ್ಟರ್‌ನ ತಾಯಿನ ಮಣ್ಣು ಮಾಡಿದ್ರು, ಪಾಪ ಅವನಾದ್ರೂ ಖುಷಿಪಡ್ಲಿ ಅಂತ! ಅವನು ಎಸೆದ, ತಪ್ಪಿಹೋಯ್ತು. ಸೋತ್ರು. ಇಂಥೋನ ಕೈಗೆ ನಮ್ಮ ತಂಡ ಕೊಡ್ತೀರಾ?' ಅಂದ್ನಂತೆ."

ಕೇಳಿದ್ದೇ ನಾನು ತಟ್ಟನೆ ತಲೆ ಹಿಂದಕ್ಕೆ ತಿರುಗಿಸಿದೆ. ಕತ್ತರಿ ತಾಗಿತೇ ಎಂದು ಡೋರಿಸ್ ಗಾಬರಿಯಾದಳು.

ಊರಿಗೆ ಅಷ್ಟು ಸಾಕಾಯಿತು. ಮುಂದಿನ ಆಟದಲ್ಲಿ ನಮ್ಮವರೇ, ಚರ್ಚಿನಲ್ಲಿ ನನ್ನ ಪಕ್ಕ ಕೂತು ಹಾಡುವವರೇ, "ರಾಯ್ಸ್, ಅಳೋರಿಗೆ ಪಾಸ್ ಕೊಡು!" ಎಂದು ಕೂಗಿದರು. ನಿನ್ನ ಭಾವ ನನ್ನ ಪಕ್ಕದಲ್ಲಿದ್ದರು. ಅವರು ಕೂಗಲಿಲ್ಲ, ಕೂಗಿದವರನ್ನು ತಡೆಯಲೂ ಇಲ್ಲ. ಸಂದರ್ಶನದಲ್ಲೂ ಕ್ರೀಡಾ ನಿರ್ದೇಶಕ ಸ್ಟಿಟ್ ಇದನ್ನೇ ಎತ್ತಿದನಂತೆ: "ನಿಂದು ಮೆದು ಮನಸ್ಸು ಅಂತಾರಲ್ಲ, ನಿಜಾನಾ?" ರಾಯ್ಸ್, "ನಿಜ" ಎಂದು ಹೇಳಿ ಬಂದ. ಸುಳ್ಳು ಹೇಳಲು ಅವನಿಗೆ ಯಾವತ್ತೂ ಬಂದಿಲ್ಲ.

ನಿನ್ನೆ ಹೊಸ ಕೋಚ್‌ನ ಹೆಸರು ಹೇಳಿದರು. ಒಹಾಯೋದವನಲ್ಲ, ಯಾರೂ ಕೇಳದ ಹೆಸರು. ಬಂದವನೇ ಹಳೆಯ ಸಹಾಯಕರೆಲ್ಲ ಜಾಗ ಖಾಲಿ ಮಾಡಿ ಎಂದ. ಹಾಗಾಗಿ ರಾಯ್ಸ್‌ಗೆ ಹಿರಿಯ ಕೆಲಸವೂ ಇಲ್ಲ, ಕಿರಿಯ ಕೆಲಸವೂ ಇಲ್ಲ. ಇಲಿನಾಯ್‌ನಲ್ಲಿ ಯಾವುದೋ ಹೈಸ್ಕೂಲಿನಲ್ಲಿ ಕೆಲಸ ಖಾಲಿ ಇದೆಯಂತೆ, ಕೇಳಿ ನೋಡುತ್ತಾನಂತೆ. ಇವತ್ತು ಅಂಚೆ ಕಚೇರಿಯಲ್ಲಿ ಇಬ್ಬರು ನನ್ನ ಕಿವಿಗೆ ಬೀಳುವಂತೆಯೇ, "ಇವನಿಗಿಂತ ರಾಯ್ಸೇ ಎಷ್ಟೋ ವಾಸಿ" ಎಂದು ಮಾತಾಡಿಕೊಂಡರು. ಅವರ ಮುಖಕ್ಕೆ ಉಗಿಯಬೇಕೆನಿಸಿತು. ಅಂಚೆಚೀಟಿ ಕೊಂಡು ಮನೆಗೆ ಬಂದೆ.

ಮೊಣಕಾಲಿನ ಬಗ್ಗೆ ಅಸಡ್ಡೆ ಮಾಡಬೇಡ. ದೇವರು ನಿನ್ನನ್ನು ನೋವಿಲ್ಲದೆ ಇಟ್ಟಿರಲಿ, ನಿನ್ನ ಮಕ್ಕಳು ನಿನ್ನ ಮಾತು ಕೇಳುವಂತೆ ಮಾಡಲಿ.

ಇಂತಿ ನಿನ್ನ ಅಕ್ಕ,
ನೋರೀನ್

ಮರೆತ ಮಾತು: ಭಾನುವಾರ ಸಂಜೆ. ಮರೆತ ಮಾತು ಎಂದು ಬರೆದೆ, ಅದು ಸುಳ್ಳು. ಬರೆಯಲು ಕೈ ಬಂದಿರಲಿಲ್ಲ.

ಆ ಎಂಟನೇ ಕ್ಲಾಸಿನ ಆಟ ನೋಡಿದವರೆಲ್ಲ ರಾಯ್ಸ್ ಗಾಬರಿಯಲ್ಲಿ ಚೆಂಡು ಬಿಟ್ಟುಕೊಟ್ಟ ಎಂದೇ ತಿಳಿದಿದ್ದರು. ನಿಜವಾದ ಕಾರಣವನ್ನು ಅವನು ಹೇಳಿದ್ದು ಮನೆಗೆ ಬರುವಾಗ, ಕಾರಿನ ಹಿಂದಿನ ಸೀಟಿನಿಂದ. "ಯಾರಿಗೂ ಹೇಳ್ಬೇಡಿ, ಲೆಸ್ಟರ್‌ಗೆ ಗೊತ್ತಾದ್ರೆ ಬೇಜಾರಾಗುತ್ತೆ" ಎಂದಿದ್ದ. ಕಾರಿನಲ್ಲಿ ಇದ್ದದ್ದು ಅವನು, ನಾನು, ನಿನ್ನ ಭಾವ. ನಾನು ನಿನಗೂ ಹೇಳಿರಲಿಲ್ಲ. ರೇಡಿಯೋದ ಆ ಮಂಗಳವಾರ ಸಂಜೆ ನಾನು ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದೆ, ಮನೆಯಲ್ಲಿ ನಿನ್ನ ಭಾವ ಒಬ್ಬರೇ ಇದ್ದರು.

ರಾಯ್ಸ್‌ಗೆ ಹೊಳೆಯದಿರಲಿ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಅವನು ಕಚೇರಿಯ ಪೆಟ್ಟಿಗೆಗಳನ್ನು ನಮ್ಮ ಗ್ಯಾರೇಜಿನಲ್ಲಿಡಲು ಬಂದ. ಮೂವರೂ ಕಾಫಿಗೆ ಕೂತೆವು. ಮಳೆ ಬರುತ್ತದಾ ಎಂದು ಕೇಳುವ ಹಾಗೆ ಕೇಳಿದ: "ಅಪ್ಪ, ಆ ಪೈಕ್ ಕ್ರೀಕ್‌ನ ಡೆಲ್ಬರ್ಟ್ ಯಾರಿರಬಹುದು?"

ಕೇಳಿ ಅಪ್ಪನ ಮುಖ ನೋಡುತ್ತ ಕಾದ. ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ವಿಲ್ಡಾ. ಗೊತ್ತಿದ್ದೇ ಈಸ್ಟರ್ ಊಟಕ್ಕೆ ಬಂದಿದ್ದ, ಅಪ್ಪನಿಗೆ ಮಾಂಸ ಕೊಯ್ದು ಬಡಿಸಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹೇಳಿಬಿಡಿ, ಮುಗಿದುಹೋಗಲಿ ಎನ್ನುವಂತಿತ್ತು.

ನಿನ್ನ ಭಾವ ಕಾಫಿ ಕಲಕಿದರು. "ಪೈಕ್ ಕ್ರೀಕಲ್ಲಿ ಡೆಲ್ಬರ್ಟ್ ಅನ್ನೋರಿಗೇನು ಬರ?" ಎಂದರು.

"ಅದೂ ಸರಿ" ಎಂದ ರಾಯ್ಸ್. ತನ್ನ ಲೋಟ ತೊಳೆದಿಟ್ಟು, ನನ್ನ ಕೆನ್ನೆಗೆ ಮುತ್ತಿಟ್ಟು ಹೋದ.

ಇವತ್ತು ರಾಯ್ಸ್‌ನ ಮನೆಯವರು ಯಾರೂ ಭಾನುವಾರದ ಊಟಕ್ಕೆ ಬರಲಿಲ್ಲ. ನಿನ್ನ ಭಾವ ತಾವೇ ಎಲ್ಲರ ತಟ್ಟೆಗಳನ್ನು ಜೋಡಿಸಿಟ್ಟು, ಕಿಟಕಿಯ ಹತ್ತಿರ ನಿಂತು ಕಾದರು. ನೂಡಲ್ಸ್ ಆರಿ ಗಟ್ಟಿಯಾಯಿತು. ಕೊನೆಗೆ ನನ್ನತ್ತ ತಿರುಗದೆಯೇ, "ನಾನು ಹೇಳಿದ್ರಲ್ಲಿ ಸುಳ್ಳೇನಿತ್ತು, ನೋರೀನ್?" ಎಂದರು.

ಒಂದು ಮಾತೂ ಸುಳ್ಳಿರಲಿಲ್ಲ. ನಾನು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಕಪಾಟಿನಲ್ಲಿಟ್ಟೆ.