ಮಿಸ್ ವರ್ಲೀನ್ ಮನೆಯ ಮೆಟ್ಟಿಲು

ಜುಲೈ 8, ರಾತ್ರಿ 9

ಮತ್ತೆ ಮೆಟ್ಟಿಲ ಮೇಲೆ. ಒಳಗೆ ವಿಪರೀತ ಸೆಕೆ, ಕೂರಲಾಗದು. ಬಾಲ್ಟಿಮೋರಿನಲ್ಲಿ ಹದಿಮೂರರ ಹುಡುಗಿಗೆ ಒಂಬತ್ತರ ಮೇಲೆ ಬೀದಿಯಿಲ್ಲ — ಕರ್ಫ್ಯೂ. ನಮ್ಮ ಮನೆ ಮುಂದೆ ಕೂರಬಹುದು. ಪಕ್ಕದ ಮನೆ ಮುಂದೆಯೂ ಕೂರಬಹುದು, ಅವರು ಪೊಲೀಸರಿಗೆ ದೂರು ಕೊಡದಿದ್ದರೆ. ಕಾನೂನಿನಲ್ಲೇ ಹಾಗಿದೆ, ಗೆಳತಿ ಜನೀಯಾ ಓದಿ ಹೇಳಿದಳು. ಮಿಸ್ ವರ್ಲೀನ್ ಮನೆಯ ಆ ಪಕ್ಕ ಅವಳ ಮನೆ, ಈ ಪಕ್ಕ ನಮ್ಮದು. ಅಂದರೆ ಇಬ್ಬರೂ ಸೇರಲು ಇರುವುದು ನಡುವಿನ ಆ ಮೆಟ್ಟಿಲೊಂದೇ.

"ಬಾಡಿಗೆ ಏನ್ ಕೊಡ್ತೀರ್ರೇ, ಮಹಾರಾಣೀರು?" ಅಂದಳು ವರ್ಲೀನ್.

"ಶನಿವಾರ ಮೆಟ್ಲು ಉಜ್ಜಿಕೊಡ್ತೀವಿ" ಅಂದೆ.

ಜುಲೈ 10

ಮಕ್ಕಳ ಇಲಾಖೆಯ ಮಿಸೆಸ್ ಪ್ರೂಇಟ್ ಬಂದಿದ್ದಳು. ಜೂನಿನಲ್ಲಿ ಅಂಗಡಿ ಮುಂದೆ ಸಿರಪ್ ಸುರಿದ ಐಸಿನ ಸ್ನೋಬಾಲ್ ತಿನ್ನುತ್ತ ತಡಮಾಡಿ ಪೊಲೀಸರಿಗೆ ಸಿಕ್ಕಿಬಿದ್ದೆನಲ್ಲ, ಆ ವಿಷಯ.

"ಇನ್ನೊಂದ್ಸಲ ಆದ್ರೆ, ಹುಡುಗೀನ ನೋಡ್ಕೊಳ್ಳೋಕೆ ಅಜ್ಜಿ ಕೈಲಾಗ್ತಿಲ್ಲ ಅಂತ ಜಡ್ಜ್ ಅಂದ್ಕೋತಾರೆ. ಬೇರೆ ಮನೆಗೆ ಕಳಿಸ್ಬಹುದು."

ಅಜ್ಜಿ ತಲೆಯಾಡಿಸಿ ಐಸ್ ಟೀ ಕೊಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಮ್ಮ ಹೋದ ಮೇಲೆ ನನಗಿರುವುದು ಅಜ್ಜಿಯೊಬ್ಬಳೇ. ನಾನು ಎಲ್ಲಿಗೂ ಹೋಗಲಾರೆ.

ಜುಲೈ 12, ಶನಿವಾರ

ಕೆಲಸ ಕೆಟ್ಟಿತು. ವರ್ಲೀನ್ ಮದುವೆಯಾಗಿ ಬಂದಾಗಿನಿಂದ ಪ್ಯೂಮಿಸ್ ಕಲ್ಲಿನಲ್ಲಿ ಉಜ್ಜಿಕೊಂಡು ಬಂದ ಬಿಳಿ ಅಮೃತಶಿಲೆಯ ಮೆಟ್ಟಿಲು ಅದು. ಬೇಗ ಬೆಳ್ಳಗಾಗಲಿ ಅಂತ ಟಾಯ್ಲೆಟ್ ಕ್ಲೀನರ್ ಸುರಿದೆ. ನೊರೆ ಬಂತು, ಖುಷಿಪಟ್ಟೆ... ತೊಳೆದರೆ ಹೊಳಪೇ ಇಲ್ಲ. ಹಳೇ ಸುಣ್ಣದ ಗೋಡೆಯ ಹಾಗೆ ಮಂಕು.

"ಅಮೃತಶಿಲೆಗೆ ಆಸಿಡ್ಡಾ?" ವರ್ಲೀನ್ ಕೂಗಾಡಲಿಲ್ಲ. "ನಿಮ್ಮಜ್ಜಿ ಇಷ್ಟೂ ಕಲಿಸ್ಲಿಲ್ವಾ? ಇಳಿ ಕೆಳಗೆ. ಇನ್ ಮೇಲೆ ಹತ್ಬೇಡ."

ಬಾಗಿಲು ಹಾಕಿಕೊಂಡಳು.

ಜುಲೈ 17

ಬರೆಯಲು ಏನಿದೆ... ಫ್ಯಾನು, ಕಿಟಕಿ, ನಮ್ಮ ಮೆಟ್ಟಿಲು. ಜನೀಯಾ ಅವಳ ಮನೆ ಮುಂದೆ, ನಾನು ನಮ್ಮ ಮನೆ ಮುಂದೆ. ಕೈ ಬೀಸುತ್ತೇವೆ.

ಜುಲೈ 18, ರಾತ್ರಿ 9:40

ಸಂಜೆ ವರ್ಲೀನ್ ತಾನೇ ಕರೆದಳು. "ಬಾ ಕೆಟುರಾ. ಕೆಡ್ಸಿದೋಳೇ ಸರಿಮಾಡು."

ಪ್ಯೂಮಿಸ್ ಕೈಗಿಟ್ಟಳು. ಉಜ್ಜಿದೆ. ಒಂದು ಮೂಲೆ ಕೊಂಚ ಹೊಳೆಯಿತು. ಒಂಬತ್ತಾಯಿತು ಅಂದೆ.

"ಆಗ್ಲಿ ಬಿಡು. ಮೆಟ್ಲು ನಂದು, ಕೂರ್ಸಿರೋಳು ನಾನು. ಕೂತ್ಕೊ, ಮಗಾ."

ಪೊಲೀಸ್ ಕಾರು ನಿಂತಿತು. ಆಫೀಸರ್ ಇಳಿದು ನನ್ನ ಹೆಸರು, ವಯಸ್ಸು ಕೇಳಿದ. ಹೆದರಲಿಲ್ಲ — ಕಾನೂನು ಗೊತ್ತಿತ್ತಲ್ಲ. ಅವನು ಕಾರಿನೊಳಗಿನ ಕಂಪ್ಯೂಟರ್ ಪರದೆ ನೋಡಿದ. "ಈ ಮನೆಯಿಂದ ದೂರಿದೆ. ಹೋದ್ ಶನಿವಾರದ್ದು."

ವರ್ಲೀನ್ ಮುಖ ಇಳಿದುಹೋಯಿತು. "ಹುಡುಗೀರು ಇಲ್ಲಿ ಕೂರ್ಬಾರ್ದು ಅಂತ ಸಿಟ್ಟಲ್ಲಿ ಫೋನ್ ಮಾಡ್ಬಿಟ್ಟೆ ಆಫೀಸರ್. ಅದು ಕಲ್ ಹಾಳಾದ್ ಸಿಟ್ಟು. ಈಗ ವಾಪಸ್ ತಗೋತೀನಿ."

"ಅದನ್ನ ಕೋರ್ಟಲ್ಲಿ ಹೇಳಿ, ಅಮ್ಮಾ. ನನ್ ಹತ್ರ ಇರೋದು ದೂರು."

ಬಟ್ಟೆ ತುಂಬಿಕೊಳ್ಳಲು ನನ್ನನ್ನು ಒಳಗೆ ಕಳಿಸಿದ್ದಾರೆ. ಮಿಸೆಸ್ ಪ್ರೂಇಟ್‌ಗೆ ಫೋನ್ ಹೋಗಿದೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿದೆ. ವರ್ಲೀನ್ ಅಳುತ್ತಿದ್ದಾಳೆ. ಅಜ್ಜಿ ಅವಳನ್ನು ಬೈಯುತ್ತಿಲ್ಲ. "ಇವ್ಳು ನನ್ ಹತ್ರಾನೇ ಇರ್ತಾಳಪ್ಪಾ, ಅದನ್ನೂ ಬರ್ಕೋ" — ಇದನ್ನೇ ಹೇಳುತ್ತಿದ್ದಾಳೆ, ಮತ್ತೆ ಮತ್ತೆ. ಅವನು ಬರೆದುಕೊಳ್ಳುತ್ತಿಲ್ಲ. ಚೀಲ ತೆರೆದಿಟ್ಟಿದ್ದೇನೆ. ಎಷ್ಟು ದಿನದ ಬಟ್ಟೆ ಅಂತ ಯಾರೂ ಹೇಳಿಲ್ಲ.